ಇದ್ದಿಲಿನ ಗ್ರಿಲ್ ಕೊಳ್ಳುವ ಮುನ್ನ

ಮಳೆಗಾಲ ಮುಗಿದು ಚಳಿ ಕಾಲಿಡುತ್ತಿದ್ದಂತೆ ಮನೆಯ ತಾರಸಿ, ತೋಟದ ಅಂಗಳ, ಹೊಳೆಯ ದಂಡೆ, ಕಡಲ ಕಿನಾರೆಗಳಲ್ಲಿ ಕೆಂಡದ ಮೇಲೆ ಅಡುಗೆ ಮಾಡಿ ಉಣ್ಣುವ ಹವ್ಯಾಸ ನಮ್ಮಲ್ಲಿಯೂ ಬೆಳೆಯುತ್ತಿದೆ. ಕೊಡಗು, ಚಿಕ್ಕಮಗಳೂರಿನ ಅನೇಕ ಹೋಂಸ್ಟೇಗಳಲ್ಲಿ ಸಂಜೆಯಾದರೆ ಬಾರ್ಬೆಕ್ಯೂ ಇರಲೇಬೇಕು ಎನ್ನುವಂತಾಗಿದೆ. ಅಲ್ಲಿ ರುಚಿ ನೋಡಿ ಬಂದವರು ತಮ್ಮ ಮನೆಗೂ ಒಂದು ಚಿಕ್ಕ ಗ್ರಿಲ್ ಇರಲಿ ಎಂದು ಅಂಗಡಿಗೆ ಹೋಗುತ್ತಾರೆ. ಬೆಲೆ ಎಷ್ಟು, ಮಡಚಲು ಬರುತ್ತದೆಯೇ, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆಯೇ, ಎಷ್ಟು ಜನರಿಗೆ ಸಾಕಾಗುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಆರೋಗ್ಯದ ದೃಷ್ಟಿಯಿಂದ ಇನ್ನೂ ಮೂರು ಪ್ರಶ್ನೆಗಳಿವೆ. ಕೆಂಡದಿಂದ ಹೊರಡುವ ಅನಿಲ ಎಲ್ಲಿಗೆ ಹೋಗುತ್ತದೆ? ಮಾಂಸದಿಂದ ಕರಗಿದ ಕೊಬ್ಬು ಎಲ್ಲಿಗೆ ತೊಟ್ಟಿಕ್ಕುತ್ತದೆ? ಹೊರಗೆ ಕೆಂಪಾದ ಮಾಂಸ ಒಳಗೂ ಬೆಂದಿದೆ ಎಂದು ತಿಳಿಯುವುದು ಹೇಗೆ? ಈ ಮೂರಕ್ಕೂ ಉತ್ತರ ದೊರೆತರೆ ಯಾವ ಗ್ರಿಲ್ ಕೊಳ್ಳಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಕೆಂಡದಲ್ಲಿ ಸುಟ್ಟು ತಿನ್ನುವುದು ನಮಗೆ ಹೊಸದಲ್ಲ. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡುವುದು, ಉತ್ತರ ಕರ್ನಾಟಕದ ಹೊಲಗಳಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವುದು, ರಸ್ತೆ ಬದಿಯಲ್ಲಿ ಬೀಸಣಿಗೆ ಬೀಸುತ್ತ ಮೆಕ್ಕೆಜೋಳ ಸುಡುವುದು ಎಲ್ಲವೂ ನಾವು ಕಂಡಿದ್ದೇ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಕಟ್ಟಿ ಹೊಗೆಗೆ ಒಣಗಿಸಿದ ಮಾಂಸ ಉಂಡವರಿಗೆ ಸ್ಮೋಕರ್ ಎಂಬ ಉಪಕರಣದ ತತ್ವವೂ ಗೊತ್ತು. ಹೊಸದೆಂದರೆ ಒಲೆಗೆ ಕಾಲು ಬಂದಿರುವುದು. ನೆಲಕ್ಕಂಟಿಕೊಂಡಿದ್ದ ಒಲೆ ಈಗ ನಾವು ಹೋದಲ್ಲಿಗೆಲ್ಲ ಬರುತ್ತದೆ. ಬಾಲ್ಕನಿಗೆ ಬರುತ್ತದೆ, ಡೇರೆಗೆ ಬರುತ್ತದೆ, ಮಳೆ ಬಂದರೆ ಕೋಣೆಯೊಳಕ್ಕೂ ಬಂದುಬಿಡುತ್ತದೆ. ಅಪಾಯವಿರುವುದು ಅಲ್ಲಿಯೇ.

ಕಾಣದ ಅನಿಲ

ಇದ್ದಿಲು ಬಹುಪಾಲು ಇಂಗಾಲವೇ. ಅದು ಸಾಕಷ್ಟು ಗಾಳಿಯಲ್ಲಿ ಉರಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆಮ್ಲಜನಕ ಸಾಲದಿದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಒತ್ತೊತ್ತಾಗಿ ಪೇರಿಸಿದ ಕೆಂಡದ ರಾಶಿಯ ನಡುವೆ ಆಮ್ಲಜನಕ ಸಾಲುವುದಿಲ್ಲ. ಆದ್ದರಿಂದ ಯಾವ ಇದ್ದಿಲಿನ ಒಲೆಯೇ ಆಗಲಿ, ಎಷ್ಟೇ ದುಬಾರಿಯದಾಗಲಿ, ಉರಿಯುವಷ್ಟು ಹೊತ್ತೂ ಈ ಅನಿಲವನ್ನು ಹೊರಬಿಡುತ್ತಲೇ ಇರುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಸೌದೆಯ ಹೊಗೆಯಾದರೆ ಕೆಮ್ಮು ಬರಿಸಿ ನಮ್ಮನ್ನು ಹೊರಕ್ಕೆ ಅಟ್ಟುತ್ತದೆ. ಕೆಂಡ ಹಾಗಲ್ಲ. ಚೆನ್ನಾಗಿ ಹೊತ್ತಿ ಬೂದಿ ಮುಚ್ಚಿದ ಕೆಂಡದಲ್ಲಿ ಹೊಗೆಯೇ ಕಾಣುವುದಿಲ್ಲ. ಹೊಗೆ ಇಲ್ಲವಲ್ಲ, ಇನ್ನೇನು ಭಯ ಎಂದು ಜನ ಅದನ್ನು ಮಲಗುವ ಕೋಣೆಗೆ ತರುತ್ತಾರೆ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿ ಒಂದೇ ಮನೆಯ ಹಲವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನೀವು ಇದೇ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿರುತ್ತೀರಿ. 2020ರ ಜನವರಿಯಲ್ಲಿ ನೇಪಾಳ ಪ್ರವಾಸಕ್ಕೆ ಹೋಗಿದ್ದ ಕೇರಳದ 8 ಮಂದಿ, ಅವರಲ್ಲಿ 4 ಮಕ್ಕಳು, ದಾಮನ್ ಎಂಬ ಗಿರಿಧಾಮದ ಕೋಣೆಯೊಂದರಲ್ಲಿ ಹೀಗೆಯೇ ತೀರಿಕೊಂಡರು. ಅಲ್ಲಿ ಉರಿಯುತ್ತಿದ್ದುದು ಇದ್ದಿಲಲ್ಲ, ಗ್ಯಾಸ್ ಹೀಟರ್. ಆದರೆ ಇಂಧನ ಯಾವುದಾದರೂ ಮುಚ್ಚಿದ ಕೋಣೆಯಲ್ಲಿ ಕೊಲ್ಲುವ ರೀತಿ ಒಂದೇ.

ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮಿದುಳು, ಹೃದಯಗಳಿಗೆ ತಲುಪಿಸುವುದು ರಕ್ತದ ಹಿಮೊಗ್ಲೋಬಿನ್. ಕಾರ್ಬನ್ ಮೊನಾಕ್ಸೈಡ್ ಈ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಬೇರೊಬ್ಬರು ಹಿಡಿದು ಕುಳಿತರೆ ಟಿಕೆಟು ಕೊಂಡವರು ಕೆಳಗೇ ಉಳಿಯುವ ಹಾಗೆ, ಗಾಳಿಯಲ್ಲಿ ಆಮ್ಲಜನಕವಿದ್ದರೂ ಅದಕ್ಕೆ ರಕ್ತದಲ್ಲಿ ಜಾಗ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ. ಆಮೇಲೆ ಮಂಕು, ಪ್ರಜ್ಞೆ ತಪ್ಪುವುದು. ಮಲಗಿದವರಿಗೆ ಈ ಮುನ್ಸೂಚನೆ ತಿಳಿಯದೆ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಊಟ ಹೆಚ್ಚಾಯಿತೇನೋ, ಪ್ರಯಾಣದ ದಣಿವೇನೋ, ಜ್ವರ ಬರುತ್ತಿದೆಯೇನೋ ಎಂದು ಅಲಕ್ಷಿಸುವುದುಂಟು. ಒಂದು ಗುರುತು ನೆನಪಿಡಿ: ಒಂದೇ ಕೋಣೆ ಅಥವಾ ಡೇರೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದಾಗ ಕಡಿಮೆಯಾದರೆ ಅದು ಈ ಅನಿಲದ್ದೇ ಎಂದು ಶಂಕಿಸಬೇಕು.

ಹಾಗಾದಾಗ ಎಲ್ಲರನ್ನೂ ತಕ್ಷಣ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಒಲೆಯನ್ನು ಆರಿಸುತ್ತ ಒಳಗೆ ನಿಲ್ಲಬೇಡಿ. ಆಸ್ಪತ್ರೆಯಲ್ಲಿ ಕೆಂಡದ ವಿಷಯವನ್ನು ಮೊದಲೇ ಹೇಳಿ. ಏಕೆಂದರೆ ಬೆರಳಿಗೆ ಸಿಕ್ಕಿಸಿ ನೋಡುವ ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್‌ಗೂ ಈ ವಿಷಾನಿಲ ಹೊತ್ತ ಹಿಮೊಗ್ಲೋಬಿನ್‌ಗೂ ಇರುವ ವ್ಯತ್ಯಾಸವನ್ನು ತಿಳಿಯಲಾರದು. ರೋಗಿ ಅಪಾಯದಲ್ಲಿರುವಾಗಲೂ ಅದು 97, 98 ಎಂದು ತೋರಿಸಬಹುದು. ರಕ್ತ ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ. ಸಾಮಾನ್ಯ ಗಾಳಿಯಲ್ಲಿ ಈ ಅನಿಲದ ಅರ್ಧ ಭಾಗ ರಕ್ತದಿಂದ ಹೊರಹೋಗಲು 4ರಿಂದ 5 ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ತಡ ಮಾಡಬಾರದು ಎನ್ನುವುದು ಇದಕ್ಕೇ.

ಕಿಟಕಿ ತೆರೆದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಿಟಕಿಯಿಂದ ಹೊರಹೋಗುವುದಕ್ಕಿಂತ ಕೆಂಡದಿಂದ ಹುಟ್ಟುವುದು ಹೆಚ್ಚಾಗಿರಬಹುದು. ಗ್ಯಾರೇಜು, ಮುಚ್ಚಿದ ಜಗಲಿ, ಗಾಜು ಹಾಕಿಸಿದ ಬಾಲ್ಕನಿ, ಡೇರೆಯ ಬಾಗಿಲು ಯಾವುದೂ ತಕ್ಕ ಜಾಗವಲ್ಲ. ತೆರೆದ ಆಕಾಶದ ಕೆಳಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 10 ಅಡಿ ದೂರದಲ್ಲಿ ಇಡುವುದೇ ಸರಿ. ನಿಮ್ಮಲ್ಲಿ ಅಂಥ ಜಾಗವೇ ಇಲ್ಲದಿದ್ದರೆ ಇದ್ದಿಲಿನ ಗ್ರಿಲ್ ಕೊಳ್ಳಬೇಡಿ, ವಿದ್ಯುತ್ತಿನದನ್ನು ಕೊಳ್ಳಿ. ಈ ಲೇಖನದ ಎಲ್ಲ ಸಲಹೆಗಳಲ್ಲಿ ಮೊದಲನೆಯದು ಇದು.

ಕರಿಕು ಮತ್ತು ಕೊಬ್ಬು

ಎರಡನೆಯ ಪ್ರಶ್ನೆ ಕೊಬ್ಬಿನದು. ಮಾಂಸವನ್ನು ಕೆಂಡದ ನೇರ ಮೇಲೆ ಇಟ್ಟಾಗ ಕೊಬ್ಬು ಕರಗಿ ಕೆಂಡಕ್ಕೆ ಬೀಳುತ್ತದೆ, ಭಗ್ಗನೆ ಜ್ವಾಲೆ ಏಳುತ್ತದೆ, ಕಪ್ಪು ಹೊಗೆ ಬಂದು ಮಾಂಸಕ್ಕೆ ಅಂಟುತ್ತದೆ. ಈ ಹೊಗೆಯಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಎಂಬ ರಾಸಾಯನಿಕಗಳಿವೆ. ಅವುಗಳಲ್ಲಿ ಬೆಂಜೊಪೈರೀನ್ ಎಂಬುದು ಬೀಡಿ ಸಿಗರೇಟಿನ ಹೊಗೆಯಲ್ಲಿಯೂ ಇರುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ.

ಹೊಗೆ ಇಲ್ಲದಿದ್ದರೂ ಕರಿಕಿನಲ್ಲಿ ಇನ್ನೊಂದು ಬಗೆಯ ವಸ್ತು ಹುಟ್ಟುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಡಾ. ತಕಾಶಿ ಸುಗಿಮುರ ಮತ್ತು ಸಂಗಡಿಗರು ಸುಟ್ಟ ಮೀನಿನ ಹೊಗೆ ಮತ್ತು ಕರಿಕನ್ನು ಪರೀಕ್ಷಿಸಿ, ಅವು ಬ್ಯಾಕ್ಟೀರಿಯಾಗಳ ವಂಶವಾಹಿಗಳಲ್ಲಿ ಬದಲಾವಣೆ ತರುತ್ತವೆ ಎಂದು ತೋರಿಸಿದರು. ಮುಂದೆ ಇವುಗಳಲ್ಲಿ ಹೆಟೆರೊಸೈಕ್ಲಿಕ್ ಅಮೀನ್‌ಗಳೆಂಬ ವಸ್ತುಗಳನ್ನು ಗುರುತಿಸಲಾಯಿತು. ಕೋಳಿ, ಕುರಿ, ಹಂದಿ, ಮೀನು ಯಾವುದರ ಮಾಂಸವೇ ಆಗಲಿ, ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಮತ್ತು ಅಮೈನೊ ಆಮ್ಲಗಳು ಹೆಚ್ಚು ಕಾವಿಗೆ ಸಿಕ್ಕಾಗ, ಮುಖ್ಯವಾಗಿ 150 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಇವು ಹುಟ್ಟುತ್ತವೆ. ನೀರಿನಲ್ಲಿ ಬೇಯಿಸಿದ ಸಾರಿನ ಮಾಂಸದಲ್ಲಿ ಇವು ನಗಣ್ಯ, ಏಕೆಂದರೆ ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ.

ಹಾಗೆಂದು ಹೆದರಬೇಕಾಗಿಲ್ಲ. ತಿಂಗಳಿಗೊಮ್ಮೆ ನಾಲ್ಕು ತುಂಡು ಕಬಾಬು ತಿಂದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. 2015ರ ಅಕ್ಟೋಬರಿನಲ್ಲಿ ಅದೇ ಸಂಶೋಧನಾ ಸಂಸ್ಥೆ ಹೊಗೆಗೊಡ್ಡಿ, ಉಪ್ಪು ಹಾಕಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ, ದನ, ಹಂದಿಗಳ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಈ ವರ್ಗೀಕರಣ ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಎಷ್ಟು ತಿನ್ನುತ್ತೀರಿ, ಎಷ್ಟು ಸಲ ತಿನ್ನುತ್ತೀರಿ, ಎಷ್ಟು ಕರಿಕು ಮಾಡಿ ತಿನ್ನುತ್ತೀರಿ ಎಂಬುದರ ಮೇಲೆ ಅಪಾಯ ನಿಂತಿದೆ. ಈ ಮೂರರಲ್ಲಿ ಕೊನೆಯದನ್ನು ಒಳ್ಳೆಯ ಗ್ರಿಲ್ ಬಹಳಷ್ಟು ಕಡಿಮೆ ಮಾಡಬಲ್ಲದು.

ಯಾವ ಬಗೆ ನಿಮಗೆ?

ಹೊತ್ತೊಯ್ಯಬಹುದಾದ ಇದ್ದಿಲಿನ ಒಲೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ತೆರೆದ ತೊಟ್ಟಿಯಂಥದು. ತಗಡಿನ ಉದ್ದನೆಯ ಪೆಟ್ಟಿಗೆ, ಮೇಲೆ ಜಾಲರಿ, ಕೆಳಗೆ ಮಡಚುವ ಕಾಲು. ಕಬಾಬು ಮಾರುವವರ ಒಲೆಯ ಮಾದರಿ ಇದು. ಬೆಲೆ ಕಡಿಮೆ, ಹಗುರ. ಕಬ್ಬಿಣದ ಕಡ್ಡಿಗೆ ಚುಚ್ಚಿದ ಸಣ್ಣ ತುಂಡುಗಳು, ಪನೀರ್, ಮೆಕ್ಕೆಜೋಳಕ್ಕೆ ಸಾಕು. ಆದರೆ ಮುಚ್ಚಳವಿಲ್ಲದ್ದರಿಂದ ಕಾವನ್ನು ಹತೋಟಿಯಲ್ಲಿಡುವುದು ಕಷ್ಟ. ಕೊಬ್ಬು ಬಿದ್ದು ಜ್ವಾಲೆ ಎದ್ದರೆ ಅದನ್ನು ಅಡಗಿಸುವ ದಾರಿಯಿಲ್ಲ. ಕೋಳಿಯ ಕಾಲಿನಂಥ ದಪ್ಪ ತುಂಡುಗಳು ಹೊರಗೆ ಕರಿಕಾಗಿ ಒಳಗೆ ಹಸಿಯಾಗಿಯೇ ಉಳಿಯುವುದು ಈ ಬಗೆಯಲ್ಲಿ ಹೆಚ್ಚು.

ಎರಡನೆಯದು ಮುಚ್ಚಳವಿರುವ ಗುಂಡನೆಯ ಗ್ರಿಲ್. 1952ರಲ್ಲಿ ಅಮೆರಿಕದ ಶಿಕಾಗೋ ಪ್ರದೇಶದ ಜಾರ್ಜ್ ಸ್ಟೀಫನ್ ಎಂಬಾತ ತಾನು ದುಡಿಯುತ್ತಿದ್ದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ನೀರಿನ ಮೇಲೆ ತೇಲಿಬಿಡುವ ಲೋಹದ ಗುಂಡನ್ನು ಎರಡು ಹೋಳು ಮಾಡಿ ಇದನ್ನು ರೂಪಿಸಿದ. ಕೆಳಗಿನ ಹೋಳಿನಲ್ಲಿ ಕೆಂಡ, ಮೇಲಿನದು ಮುಚ್ಚಳ, ಎರಡರಲ್ಲಿಯೂ ತೆರೆದು ಮುಚ್ಚುವ ಗಾಳಿಕಿಂಡಿ. ಕಿಂಡಿ ತೆರೆದರೆ ಕಾವು ಏರುತ್ತದೆ, ಅರ್ಧ ಮುಚ್ಚಿದರೆ ಇಳಿಯುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಕೆಂಡವನ್ನು ಒಂದೇ ಬದಿಗೆ ರಾಶಿ ಮಾಡಿ, ಇನ್ನೊಂದು ಬದಿಯಲ್ಲಿ ಮಾಂಸವಿಟ್ಟು, ಮುಚ್ಚಳ ಹಾಕಿ ಬೇಯಿಸಬಹುದು. ಮಾಂಸದ ಕೆಳಗೆ ಕೆಂಡವಿಲ್ಲದ್ದರಿಂದ ಕೊಬ್ಬು ಉರಿಗೆ ಬೀಳುವುದಿಲ್ಲ. ಅಲ್ಲಿ ಒಂದು ತಟ್ಟೆ ಇಟ್ಟರೆ ಅದರಲ್ಲಿ ಸೇರುತ್ತದೆ. ಒಳಗೆ ಬೆಂದ ಮೇಲೆ ಕೊನೆಯ ಒಂದೆರಡು ನಿಮಿಷ ಕೆಂಡದ ಬದಿಗೆ ಸರಿಸಿ ಕೆಂಪಗೆ ಮಾಡಿಕೊಂಡರಾಯಿತು.

ಮೂರನೆಯದು ಸ್ಮೋಕರ್. ಸಿಲಿಂಡರಿನಂತೆ ಎತ್ತರವಾಗಿ, ತಳದಲ್ಲಿ ಕೆಂಡ, ನಡುವೆ ನೀರಿನ ಬೋಗುಣಿ, ಮೇಲೆ ಮಾಂಸದ ಜಾಲರಿ ಇರುತ್ತವೆ. ಸುಮಾರು 110ರಿಂದ 120 ಡಿಗ್ರಿ ಕಾವಿನಲ್ಲಿ ಹಲವು ಗಂಟೆಗಳ ಕಾಲ ಹೊಗೆಯಲ್ಲಿ ಬೇಯಿಸುವುದು ಇದರ ಕ್ರಮ. ಕಾವು ಕಡಿಮೆಯಾದ್ದರಿಂದ ಕರಿಕಿನ ವಸ್ತುಗಳು ಕಡಿಮೆ, ನೀರಿನ ಬೋಗುಣಿ ಇರುವುದರಿಂದ ಕೊಬ್ಬು ಕೆಂಡಕ್ಕೆ ಬೀಳದು. ಆದರೆ ಮಾಂಸ ಬಹಳ ಹೊತ್ತು ಹೊಗೆಯಲ್ಲಿರುವುದರಿಂದ ಹೊಗೆಯ ವಸ್ತುಗಳು ಅಂಟುತ್ತವೆ. ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಕಂಡೂ ಕಾಣದಂಥ ತೆಳುವಾದ ನೀಲಿ ಹೊಗೆ ಇರಬೇಕು. ತಾಳ್ಮೆ, ಅನುಭವ ಎರಡೂ ಬೇಕಾದ ಉಪಕರಣವಿದು.

ಮೊದಲ ಸಲ ಕೊಳ್ಳುವವರಿಗೆ ಎರಡನೆಯ ಬಗೆಯೇ ಲೇಸು. ಸುಮಾರು 37 ಸೆಂಟಿಮೀಟರ್ ಅಡ್ಡಳತೆಯದು ಮೂರು ನಾಲ್ಕು ಜನರ ಕುಟುಂಬಕ್ಕೆ ಸಾಕು, ಕಾರಿನಲ್ಲಿಯೂ ಹಿಡಿಯುತ್ತದೆ. ಕೆಂಡವನ್ನು ಒಂದು ಬದಿಗೆ ಸರಿಸಿ ಬೇಯಿಸುವ ಕ್ರಮವನ್ನು ಹೆಚ್ಚಾಗಿ ಅನುಸರಿಸುವವರು 45 ಸೆಂಟಿಮೀಟರಿನದನ್ನು ಕೊಳ್ಳುವುದು ವಾಸಿ. ತೀರ ಚಿಕ್ಕದರಲ್ಲಿ ಕೆಂಡಕ್ಕೂ ಮಾಂಸಕ್ಕೂ ಬೇರೆ ಬೇರೆ ಜಾಗ ಸಿಗುವುದಿಲ್ಲ.

ಅಂಗಡಿಯಲ್ಲಿ ಮುಟ್ಟಿ ನೋಡಿ

ಗ್ರಿಲ್ ಆರಿಸುವಾಗ ಈ ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿ.

ಎತ್ತರ: ಕೆಂಡ ಹಾಕುವ ತಟ್ಟೆಗೂ ಮಾಂಸವಿಡುವ ಜಾಲರಿಗೂ ನಡುವೆ ಕನಿಷ್ಠ 10ರಿಂದ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ, ಅಂತರವಿರಲಿ. ಜಾಲರಿಯನ್ನು ಏರಿಸಿ ಇಳಿಸಲು ಬಂದರೆ ಇನ್ನೂ ಉತ್ತಮ.

ಗಾಳಿಕಿಂಡಿ: ಕೈಯಿಂದ ತಿರುಗಿಸಿ ನೋಡಿ. ಸಡಿಲವಾಗಿ ತಾನೇ ಜಾರುವಂತಿರಬಾರದು. ಅದರ ಹಿಡಿ ಲೋಹದ್ದಾಗಿದ್ದರೆ ಕಾದಾಗ ಕೈ ಸುಡುತ್ತದೆ ಎಂಬುದನ್ನು ಗಮನಿಸಿ.

ಕಾಲುಗಳು: ಅಂಗಡಿಯಲ್ಲಿಯೇ ನಿಲ್ಲಿಸಿ ಮೆಲ್ಲಗೆ ತಳ್ಳಿ ನೋಡಿ. ಅಲುಗಾಡಿದರೆ ಬೇಡ. ಚಿಕ್ಕ ಗ್ರಿಲ್‌ಗಳು ಮಕ್ಕಳ ಎದೆ, ಮುಖದ ಎತ್ತರಕ್ಕೇ ಇರುತ್ತವೆ. ಓಡಾಡುವ ಮಗು ತಾಗಿದರೆ ಉರುಳುವುದು ಬರಿಯ ಒಲೆಯಲ್ಲ, ಕೆಂಡದ ರಾಶಿ.

ಬೂದಿ ತಟ್ಟೆ: ಕೆಳಗೆ ಬೀಳುವ ಬೂದಿ, ಕಿಡಿಗಳನ್ನು ಹಿಡಿಯುವ ಮುಚ್ಚಿದ ತಟ್ಟೆ ಇರಬೇಕು. ಒಣ ಹುಲ್ಲಿನ ಮೇಲೆ ಇಡುವವರಿಗೆ ಇದು ಅತ್ಯಗತ್ಯ.

ಲೋಹ: ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದೋ ಎರಕದ ಕಬ್ಬಿಣದ್ದೋ ಆಗಿರಲಿ. ಒಲೆಯ ಮೈಗೆ ದಪ್ಪ ಉಕ್ಕು, ಅದರ ಮೇಲೆ ಪಿಂಗಾಣಿಯ ಎನಾಮಲ್ ಲೇಪನ ಒಳ್ಳೆಯದು. ಸತುವಿನ ಲೇಪನವಿರುವ ಜಿ.ಐ. ತಗಡಿನಿಂದ ಮಾಡಿದ ಒಲೆ, ಜಾಲರಿ ಬೇಡ. ಬಹಳ ಕಾದಾಗ ಸತುವಿನ ಹೊಗೆ ಎದ್ದು, ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು ಬರಬಹುದು. ನಿಂಬೆ, ಮೊಸರಿನ ಹುಳಿ ತಾಗಿದಾಗಲೂ ಸತುವು ಆಹಾರಕ್ಕೆ ಇಳಿಯುತ್ತದೆ. ಹಳೆಯ ಫ್ರಿಜ್ಜಿನ ಕಂಬಿಯ ತಟ್ಟೆಯನ್ನು ಜಾಲರಿಯಾಗಿ ಬಳಸುವವರಿದ್ದಾರೆ. ಅದರ ಮೇಲೆ ಕ್ಯಾಡ್ಮಿಯಂ ಎಂಬ ವಿಷಲೋಹದ ಲೇಪನವಿರುವ ಸಾಧ್ಯತೆಯುಂಟು, ಖಂಡಿತ ಕೂಡದು. ಎಣ್ಣೆಯ ಡ್ರಮ್ಮು ಕತ್ತರಿಸಿ ಒಲೆ ಮಾಡಿಸುವವರು ಅದರಲ್ಲಿ ಮೊದಲು ಏನಿತ್ತು ಎಂದು ಕೇಳಬೇಕು. ಕೀಟನಾಶಕ, ಬಣ್ಣ, ರಾಸಾಯನಿಕಗಳಿದ್ದ ಡ್ರಮ್ಮು ಅಡುಗೆಗೆ ಎಂದಿಗೂ ಯೋಗ್ಯವಲ್ಲ.

ಹೊಸ ಗ್ರಿಲ್ ತಂದ ದಿನವೇ ಮಾಂಸ ಇಡಬೇಡಿ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಬರಿಯ ಕೆಂಡ ಉರಿಸಿದರೆ ಕಾರ್ಖಾನೆಯ ಎಣ್ಣೆ, ಧೂಳು ಸುಟ್ಟುಹೋಗುತ್ತವೆ. ಜೊತೆಯಲ್ಲಿ ಕೊಡುವ ತಂತಿಯ ಬ್ರಷ್‌ನ ಬಗ್ಗೆಯೂ ಎಚ್ಚರ ಬೇಕು. ಅದರ ಸಣ್ಣ ತಂತಿ ಮುರಿದು ಜಾಲರಿಗೆ ಅಂಟಿ, ಮಾಂಸದೊಡನೆ ಗಂಟಲಿಗೆ, ಕರುಳಿಗೆ ಚುಚ್ಚಿಕೊಂಡ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ವರದಿ ಮಾಡಿದೆ. ಜಾಲರಿ ತಣಿದ ಮೇಲೆ ತೆಂಗಿನ ನಾರಿನಿಂದ ತಿಕ್ಕಿ ತೊಳೆಯುವ ನಮ್ಮ ಹಳೆಯ ಕ್ರಮವೇ ಕ್ಷೇಮ.

ಇದ್ದಿಲು ಹೇಗಿರಬೇಕು?

ಮರದ ತುಂಡುಗಳ ಇದ್ದಿಲು, ತೆಂಗಿನ ಚಿಪ್ಪಿನ ಇದ್ದಿಲು, ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಬಿಲ್ಲೆಗಳು ಸಿಗುತ್ತವೆ. ಮೊದಲೆರಡು ಒಳ್ಳೆಯವು. ಬಿಲ್ಲೆಗಳು ಒಂದೇ ಸಮನೆ ಹೆಚ್ಚು ಹೊತ್ತು ಉರಿಯುತ್ತವೆ. ಆದರೆ ಬೇಗ ಹೊತ್ತಲೆಂದು ರಾಸಾಯನಿಕ ಸವರಿದವುಗಳನ್ನು ಬಿಟ್ಟುಬಿಡಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲಿಗೆ ಔಷಧಿ ಹಚ್ಚಿದ ಮರಗಳನ್ನು ಉರಿಸಕೂಡದು. ಕಲ್ಲಿದ್ದಲಂತೂ ಬೇಡವೇ ಬೇಡ. ಮಾಂಸ ಚುಚ್ಚಲು ಬೇಲಿಯ ಕಡ್ಡಿ ಮುರಿಯುವ ಮುನ್ನ ಅದು ಕಣಗಿಲೆಯಂಥ ವಿಷದ ಗಿಡವಲ್ಲವೆಂದು ನೋಡಿಕೊಳ್ಳಿ.

ಇದ್ದಿಲು ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಬೇಡ. ಉರಿ ಕಡಿಮೆಯಾಯಿತೆಂದು ಕೆಂಡದ ಮೇಲೆ ಪೆಟ್ರೋಲು ಸುರಿದರೆ ಜ್ವಾಲೆ ಧಾರೆಯ ಗುಂಟ ಕೈಗೆ, ಮುಖಕ್ಕೆ ಬರುತ್ತದೆ. ಎರಡೂ ಕಡೆ ತೆರೆದ, ಬದಿಯಲ್ಲಿ ತೂತುಗಳಿರುವ ತಗಡಿನ ಡಬ್ಬಿಯಲ್ಲಿ ಇದ್ದಿಲು ತುಂಬಿ, ಕೆಳಗೆ ಕಾಗದ ಹೊತ್ತಿಸಿದರೆ 15ರಿಂದ 20 ನಿಮಿಷದಲ್ಲಿ ಕೆಂಡ ಸಿದ್ಧ. ಇಂಥ ಡಬ್ಬಿ ಗ್ರಿಲ್ ಮಾರುವ ಅಂಗಡಿಗಳಲ್ಲಿಯೇ ದೊರೆಯುತ್ತದೆ. ಕೆಂಡದ ಮೇಲೆ ಬೂದಿಯ ತೆಳು ಪದರ ಮೂಡುವವರೆಗೆ ಮಾಂಸ ಇಡಬೇಡಿ.

ಒಳಗೂ ಬೆಂದಿದೆಯೇ?

ಮೂರನೆಯ ಪ್ರಶ್ನೆಗೆ ಬರೋಣ. ಕರಿಕಿಗೆ ಹೆದರಿ ಅರೆಬೆಂದ ಕೋಳಿ ತಿಂದರೆ ಅದು ಇನ್ನೊಂದು ಅಪಾಯ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಎಂಬ ರೋಗಾಣುಗಳಿರುವುದು ಸಾಮಾನ್ಯ. ಕ್ಯಾನ್ಸರಿನ ಭಯ ವರ್ಷಗಳ ಲೆಕ್ಕದ್ದಾದರೆ, ಇವುಗಳಿಂದ ವಾಂತಿ ಭೇದಿ ಮರುದಿನದ ಮಾತು. ಬಣ್ಣ ನೋಡಿ ಬೆಂದಿದೆ ಎನ್ನಲಾಗದು. ಹೊಗೆಯಲ್ಲಿನ ಅನಿಲಗಳು ಮಾಂಸದ ಕೆಂಪು ದ್ರವ್ಯಕ್ಕೆ ಅಂಟಿಕೊಂಡರೆ ಪೂರ್ತಿ ಬೆಂದ ಮಾಂಸವೂ ಅಂಚಿನಲ್ಲಿ ಗುಲಾಬಿಯಾಗಿ ಕಾಣುತ್ತದೆ; ಬೇಯದ ಮಾಂಸ ಹೊರಗೆ ಕಂದಾಗಿ ಕಾಣುತ್ತದೆ. ಆದ್ದರಿಂದ ಗ್ರಿಲ್ ಕೊಳ್ಳುವಾಗಲೇ ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರನ್ನೂ ಕೊಳ್ಳಿ. ಕೋಳಿಯ ಅತ್ಯಂತ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಖೀಮಾದಿಂದ ಮಾಡಿದ ಕಬಾಬಿಗೆ 71 ಡಿಗ್ರಿ ಬೇಕು. ಮುಚ್ಚಳದ ಮೇಲಿರುವ ಥರ್ಮಾಮೀಟರು ಒಲೆಯೊಳಗಿನ ಗಾಳಿಯ ಕಾವನ್ನು ತೋರಿಸುತ್ತದೆ, ಮಾಂಸದ್ದನ್ನಲ್ಲ.

ಸ್ಮೋಕರ್ ಕೊಂಡವರು ಇನ್ನಷ್ಟು ಎಚ್ಚರದಿಂದಿರಬೇಕು. 5ರಿಂದ 60 ಡಿಗ್ರಿಗಳ ನಡುವೆ ರೋಗಾಣುಗಳು ಬೇಗ ವೃದ್ಧಿಯಾಗುತ್ತವೆ. ಫ್ರೀಜರಿನಿಂದ ತೆಗೆದ, ಇನ್ನೂ ಹೆಪ್ಪುಗಟ್ಟಿರುವ ಮಾಂಸವನ್ನು ನೇರ ಸ್ಮೋಕರಿಗೆ ಇಟ್ಟರೆ ಅದು ಈ ಕಾವಿನಲ್ಲಿಯೇ ಗಂಟೆಗಟ್ಟಲೆ ಉಳಿಯುತ್ತದೆ. ಹಿಂದಿನ ದಿನವೇ ಫ್ರಿಜ್ಜಿನ ಕೆಳ ಅಂಕಣದಲ್ಲಿಟ್ಟು ಕರಗಿಸಿಕೊಳ್ಳಿ. ಪ್ರವಾಸಕ್ಕೆ ಒಯ್ಯುವಾಗ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಿ. ಹಸಿ ಮಾಂಸದ ತಟ್ಟೆ, ಇಕ್ಕಳವನ್ನು ಬೆಂದ ಮಾಂಸಕ್ಕೆ ಬಳಸಬೇಡಿ. ನೆನೆಹಾಕಿದ ಮಸಾಲೆ ಉಳಿಯಿತೆಂದು ಬೆಂದ ತುಂಡುಗಳ ಮೇಲೆ ಸವರಬೇಡಿ.

ನೆನೆಹಾಕುವ ವಿಷಯದಲ್ಲಿ ನಮ್ಮ ಅಡುಗೆಮನೆ ಮುಂದೆಯೇ ಇದೆ. ಬೆಳ್ಳುಳ್ಳಿ, ಶುಂಠಿ, ಅರಿಸಿನ, ನಿಂಬೆರಸಗಳಲ್ಲಿ ನೆನೆದ ಮಾಂಸದಲ್ಲಿ ಹೆಟೆರೊಸೈಕ್ಲಿಕ್ ಅಮೀನ್‌ಗಳು ಕಡಿಮೆ ಹುಟ್ಟುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಸಕ್ಕರೆ, ಜೇನು ಹೆಚ್ಚಾದರೆ ಮಾತ್ರ ಬೇಗ ಕರಿಕಾಗುತ್ತದೆ. ಅದನ್ನು ಕೊನೆಯಲ್ಲಿ ಸವರಿ. ತುಂಡುಗಳನ್ನು ಚಿಕ್ಕದಾಗಿ ಕತ್ತರಿಸಿ, ಕಾಣುವ ಕೊಬ್ಬನ್ನು ತೆಗೆಯಿರಿ, ಆಗಾಗ ತಿರುವುತ್ತಿರಿ. ದಪ್ಪ ತುಂಡುಗಳನ್ನು ಮನೆಯಲ್ಲಿ ಸ್ವಲ್ಪ ಬೇಯಿಸಿ, ರಸ ಬಸಿದು, ತಡ ಮಾಡದೆ ಗ್ರಿಲ್‌ಗೆ ಹಾಕಬಹುದು. ಕರಿಕಾದ ಭಾಗವನ್ನು ಕೆರೆದು ತೆಗೆದುಬಿಡಿ. ತರಕಾರಿ, ಪನೀರ್, ಅನಾನಸ್‌ಗಳಲ್ಲಿ ಕ್ರಿಯಾಟಿನ್ ಇಲ್ಲದ್ದರಿಂದ ಅಮೀನ್‌ಗಳ ಭಯ ಇಲ್ಲವೆಂದೇ ಹೇಳಬಹುದು. ಜಾಲರಿಯ ಅರ್ಧ ಭಾಗ ಇವುಗಳಿಗಿರಲಿ.

ಯಾರು ದೂರವಿರಬೇಕು?

ಉಬ್ಬಸ, ದೀರ್ಘಕಾಲದ ಶ್ವಾಸಕೋಶದ ತೊಂದರೆ ಇರುವವರು ಗಾಳಿ ಬೀಸುವ ಬದಿಯಲ್ಲಿ, ಹೊಗೆ ತಮ್ಮತ್ತ ಬಾರದಂತೆ ಕುಳಿತುಕೊಳ್ಳಬೇಕು. ಕೆಂಡದ ಮುಂದೆ ನಿಂತು ಬೀಸುವ ಕೆಲಸ ಅವರಿಗೆ ಬೇಡ. ಹೃದ್ರೋಗಿಗಳಲ್ಲಿ ಅಲ್ಪ ಪ್ರಮಾಣದ ಕಾರ್ಬನ್ ಮೊನಾಕ್ಸೈಡ್ ಕೂಡ ಎದೆನೋವು ತರಿಸಬಹುದು. ಗರ್ಭಿಣಿಯರ ರಕ್ತದಿಂದ ಈ ಅನಿಲ ಮಗುವಿಗೂ ದಾಟುತ್ತದೆ, ಮಗುವಿನ ದೇಹದಿಂದ ಹೊರಹೋಗಲು ತಾಯಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇವರೆಲ್ಲ ಊಟಕ್ಕೆ ಬರಲಿ, ಒಲೆಯ ಬಳಿಗೆ ಬೇಡ.

ಊಟವಾದ ಮೇಲೆ

ಹೆಚ್ಚಿನ ಅನಾಹುತಗಳು ಊಟ ಮುಗಿದ ಮೇಲೆ ಆಗುತ್ತವೆ. ಚಳಿಯಾಗುತ್ತಿದೆ, ಕೆಂಡ ಇನ್ನೂ ಇದೆ, ಸುಮ್ಮನೆ ಏಕೆ ಹಾಳುಮಾಡಬೇಕು ಎಂದು ಗ್ರಿಲ್ಲನ್ನು ಡೇರೆಯೊಳಕ್ಕೆ ಎಳೆದುಕೊಳ್ಳುವುದು ಈ ಹೊತ್ತಿನಲ್ಲಿಯೇ. ಆರುತ್ತಿರುವ ಕೆಂಡದಿಂದಲೂ ಅನಿಲ ಬರುತ್ತಲೇ ಇರುತ್ತದೆ. ಅದೇ ರೀತಿ, ಮುಟ್ಟಿದರೆ ಬೆಚ್ಚಗಿರುವ ಗ್ರಿಲ್ಲನ್ನು ಕಾರಿನ ಹಿಂಬದಿಯಲ್ಲಿಟ್ಟು, ಗಾಜು ಏರಿಸಿ, ಮಕ್ಕಳನ್ನು ಮಲಗಿಸಿಕೊಂಡು ಊರಿಗೆ ಹೊರಡುವುದು ಪ್ರಾಣಾಪಾಯಕರ. ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಕೆಂಡ ನಂದುತ್ತದೆ ನಿಜ, ಆದರೆ ಪೂರ್ತಿ ತಣಿಯಲು ಹಲವು ಗಂಟೆ ಬೇಕು. ಬೂದಿಯೊಳಗೆ ಅವಿತ ಕೆಂಡ ಮರುದಿನವೂ ಜೀವಂತವಿರಬಹುದು.

ಅಂದೇ ಹಿಂತಿರುಗುವುದಿದ್ದರೆ ಕೆಂಡವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಕೋಲಿನಿಂದ ಕಲಕಿ, ಮತ್ತೆ ನೀರು ಹಾಕಿ ಪೂರ್ತಿ ನಂದಿಸಿ. ನೀರು ಹೊಯ್ಯುವಾಗ ಬಿಸಿ ಹಬೆ ಏಳುತ್ತದೆ, ಮುಖ ದೂರವಿರಲಿ. ಕಡಲ ದಂಡೆಯಲ್ಲಿ ಕೆಂಡವನ್ನು ಮರಳಿನಲ್ಲಿ ಹೂತುಬರುವುದು ದೊಡ್ಡ ತಪ್ಪು. ಮರಳು ಕಾವನ್ನು ಹಿಡಿದಿಡುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಗಂಟೆಗಳ ಬಳಿಕ ಬರಿಗಾಲಲ್ಲಿ ಓಡಿಬರುವ ಯಾರದೋ ಮಗುವಿನ ಅಂಗಾಲು ಅದರ ಮೇಲೆ ಬೀಳುತ್ತದೆ.

ಸುಟ್ಟ ಗಾಯವಾದರೆ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ತುಪ್ಪ ಯಾವುದನ್ನೂ ಹಚ್ಚಬೇಡಿ. ಉಂಗುರ, ಬಳೆ ಇದ್ದರೆ ಊತ ಬರುವ ಮುನ್ನ ತೆಗೆಯಿರಿ. ಗುಳ್ಳೆ ಒಡೆಯಬೇಡಿ. ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ವೈದ್ಯರ ಬಳಿಗೆ ಹೋಗಿ. ಅಡುಗೆ ಆರಂಭಿಸುವ ಮುನ್ನವೇ ಒಂದು ಬಕೆಟ್ ನೀರು ಪಕ್ಕದಲ್ಲಿರಲಿ.

ಒಟ್ಟಿನಲ್ಲಿ ಹೇಳುವುದಾದರೆ, ಮುಚ್ಚಳ ಮತ್ತು ಗಾಳಿಕಿಂಡಿ ಇರುವ, ಕೆಂಡಕ್ಕೂ ಜಾಲರಿಗೂ ಒಳ್ಳೆಯ ಅಂತರವಿರುವ, ಕಾಲು ಗಟ್ಟಿಯಾಗಿರುವ, ಸತುವಿನ ಲೇಪನವಿಲ್ಲದ ಗ್ರಿಲ್ ಕೊಳ್ಳಿ. ಅದರೊಂದಿಗೆ ಒಂದು ಥರ್ಮಾಮೀಟರು, ಉದ್ದನೆಯ ಇಕ್ಕಳ, ಮುಚ್ಚಳವಿರುವ ಲೋಹದ ಬಕೆಟ್ಟು ಇರಲಿ. ಇಷ್ಟಾದ ಮೇಲೂ ಎಷ್ಟೇ ಒಳ್ಳೆಯ ಗ್ರಿಲ್ ಆದರೂ ಅದರ ಜಾಗ ಹೊರಗೆ. ಮಳೆ ಬಂದರೆ ಊಟವನ್ನು ಒಳಗೆ ತನ್ನಿ, ಒಲೆಯನ್ನು ಅಲ್ಲಿಯೇ ಬಿಡಿ. ಚಳಿಯಾದರೆ ಇನ್ನೊಂದು ಕಂಬಳಿ ಹೊದ್ದುಕೊಳ್ಳಿ.